ಗಾಳಿಯಾಡುವ ಕರಡಿಗೆ

ಚಿಂಚೋಳಿಯ ಅಕ್ಕಸಾಲಿ ಮೋನಪ್ಪ ಪತ್ತಾರನ ಬಾಯಿ ಕೆಟ್ಟದ್ದು, ಕೈ ಒಳ್ಳೆಯದು. ಬೈಗುಳವನ್ನೂ ಬೆಳ್ಳಿ ತಂತಿಯನ್ನೂ ಎಷ್ಟು ಬೇಕಾದರೂ ಉದ್ದ ಎಳೆಯಬಲ್ಲ. ಎರಡನ್ನೂ ಕಲಿತದ್ದು ಕರೀಂನಗರದಲ್ಲಿ. ಅದಕ್ಕೇ ಸಿಟ್ಟು ನೆತ್ತಿಗೇರಿದರೆ ತೆಲುಗು ಬರುತ್ತಿತ್ತು.

ಕೂದಲಿನಂಥ ಎರಡು ತಂತಿ ಹೊಸೆದು, ಚಪ್ಪಟೆ ಮಾಡಿ, ಬಳ್ಳಿ ಎಲೆಯಾಗಿ ಸುತ್ತಿ ಬೆಸೆದರೆ ಅದು ತಾರಕಶಿ. ಕಟಕದವರೂ ಮಾಡುತ್ತಾರಂತೆ, ಸಮುದ್ರದಾಚೆಯವರೂ ಮಾಡುತ್ತಾರಂತೆ. ಹೈದರಾಬಾದಿನ ದೊಡ್ಡಮನೆಗಳ ಪಾನದಾನ, ಅತ್ತರದಾನಿ ಎಲ್ಲ ಇದರಲ್ಲೇ. ಲೋಕಕ್ಕೆಲ್ಲ ಬೇಕಾದ ಈ ಕೆಲಸ ಚಿಂಚೋಳಿಗೆ ಮಾತ್ರ ಬೇಡವಾಗಿತ್ತು. ಇಲ್ಲಿಯವರಿಗೆ ಬೆಳ್ಳಿ ಅಂದರೆ ಭಾರ. ಕಡಗ ಹಾಕಿಕೊಂಡ ಮೇಲೆ ಕಾಲು ಎತ್ತಲು ಬಂದರೆ ಅದೆಂಥ ಕಡಗ?

“ಬರೇ ತೂತೇ ಅವಲ್ಲೋ ಪತ್ತಾರ! ಜರಡಿ ಮಾಡೀದೇನು?” ಎಂದು ಕೇಳಿ ನಕ್ಕು ಹೋಗುವವರೇ ಎಲ್ಲರೂ.

ಮೈಸೂರು ರಾಜ್ಯಕ್ಕೆ ಊರು ಸೇರಿ ಏಳೆಂಟು ವರ್ಷವಾದರೂ ಅವನ ತಾರಕಶಿ ಹೋದದ್ದು ಒಂದೇ ಮನೆಗೆ. ಬಟ್ಟೆ ಅಂಗಡಿಯ ಮಜೀದಸಾಬ ಮಗಳ ಮದುವೆಗೆಂದು ಒಂದು ಅತ್ತರದಾನಿ ಮಾಡಿಸಿದ್ದ. ಹೆಂಡತಿ ಅಮೃತಮ್ಮ ಕಡೆಗೊಮ್ಮೆ ಹೇಳಿಯೇಬಿಟ್ಟಳು: “ಇನ್ನೊಬ್ಬರು ಯಾರರೆ ಕೇಳಿದ್ರ ಸರಿ. ಇಲ್ಲಂದ್ರ ದಸರಾಕ್ಕ ಈ ತಂತಿ ಹತ್ಯಾರ ಎಲ್ಲಾ ಗಂಟು ಕಟ್ಟಿ ಅಟ್ಟಕ್ಕ ಒಗೀತೀನಿ. ಮಂದಿಗಿ ಬೇಕಾದ ಕಾಲುಂಗರ ಮಾಡ್ರಿ ಸುಮ್ಮ.”

ಆ ಮದುವೆಯಲ್ಲಿ ಅತ್ತರದಾನಿ ನೋಡಿ ಮನಸೋತವಳು ಚಿಮ್ಮನಚೋಡದ ಗೌಡಸಾನಿ ಶರಣಬಸಮ್ಮ. ದಸರೆ ಹತ್ತಿರ ಬಂದಾಗ ಅಂಗಡಿಗೆ ಬಂದು ಕುಳಿತಳು. “ಮೊಮ್ಮಗನ ಕೊರಳಿಗಿ ಲಿಂಗದ ಕರಡಿಗಿ ಬೇಕೋ. ಮಜೀದಸಾಬನ ಮನ್ಯಾಗ ಅತ್ತರದಾನಿ ಅದ ಅಲ್ಲಾ, ಹಂಗೇ, ಬಳ್ಳಿ ಬಳ್ಳಿ!”

ಮೋನಪ್ಪ ಉಣ್ಣುವುದನ್ನೂ ಮರೆತ, ಬೈಯುವುದನ್ನೂ ಮರೆತ. ನಿಂಬೆಹಣ್ಣಿನಷ್ಟು ಪುಟ್ಟ ಕರಡಿಗೆ ತಯಾರಾಯಿತು. ಶರಣಬಸಮ್ಮ ಅದನ್ನು ಬಿಸಿಲಿಗೆ ಹಿಡಿದಳು. ಮುಖ ಇಳಿಯಿತು.

“ಇದೇನೋ, ಈ ಕಡಿಂದ ಆ ಕಡಿ ಕಾಣ್ತದ!”

“ತಾರಕಶಿ ಅಂದ್ರ ಕಾಣ್ತದರಿ.”

“ಲಿಂಗ ಮಂದಿ ಕಣ್ಣಿಗಿ ಬೀಳಬಾರದಂತೇ ಕರಡಿಗಿ ಮಾಡಸೋದು. ನೀ ಅದಕ್ಕ ಕಿಡಕಿ ಇಟ್ಟೀದಿ!”

“ಅತ್ತರದಾನಿ ಹಂಗ ಬೇಕಂದವರು ಯಾರು? ನಾನಾ?”

“ಅತ್ತರದ ವಾಸನಿ ಹೊರಗ ಬರಬೇಕು. ಲಿಂಗದಾಗಿಂದ ಏನು ಬರೋದದ?”

“ಶಿವಗ ಸೆಕಿ ಆಗಬಾರದಂತ ಇಟ್ಟೀನಿ!”

“ಬಾಯಿ ಮುಚ್ಚು. ಒಳಗ ತಗಡು ಹಚ್ಚು.”

“ತಗಡು ಹಚ್ಚಿದ್ರ ತಾರಕಶಿ ಸತ್ತಂಗ. ಹಚ್ಚೋದಿದ್ರ ನನ್ನ ಗೋರಿ ಮ್ಯಾಗ ಹಚ್ರಿ!”

ಅಮೃತಮ್ಮ ಒಳಗೆ ಹೋಗಿ ಹಳೆ ಸೀರೆಯೊಂದನ್ನು ತಂದು ಹತ್ಯಾರಗಳ ಪಕ್ಕ ಹಾಸತೊಡಗಿದಳು. ಮೋನಪ್ಪ ಅಟ್ಟದ ಕಡೆ ನೋಡಿದ.

“ತಡೀ! ಗೌಡಸಾನಿ, ಲಿಂಗಕ್ಕ ವಸ್ತ್ರ ಸುತ್ತತೀರಿಲ್ಲೋ?” ಎಂದವನೇ ಆ ಸೀರೆಯ ರೇಷ್ಮೆ ಸೆರಗಿನಿಂದ ಕೆಂಪು ತುಂಡೊಂದನ್ನು ಪರ್‍ರನೆ ಹರಿದು, ಹೆಬ್ಬೆರಳಿಗೆ ಸುತ್ತಿ, ಸಿಟ್ಟಿನಲ್ಲಿ ಕರಡಿಗೆಯ ಬಾಯೊಳಗೆ ತುರುಕಿದ. “ಹಿಂಗ! ತಿಳೀತಾ?”

ತಿಳಿಯಿತು. ಆದರೆ ಬೆರಳು ಹೊರಗೆ ಬರಲಿಲ್ಲ. ಎಳೆದ, ತಿರುವಿದ, ತೆಲುಗಿನಲ್ಲಿ ಬೈದ. ಬೆರಳು ಇನ್ನೂ ಉಬ್ಬಿತು.

“ತಂತಿ ಕತ್ತರಸ್ರಿ!” ಎಂದಳು ಅಮೃತಮ್ಮ.

“ಬೆರಳು ಕತ್ತರಸು! ತಂತಿಗಿ ಕೈ ಹಚ್ಚಬ್ಯಾಡ!”

ಗದ್ದಲಕ್ಕೆ ಬಜಾರವೇ ಬಂದು ನಿಂತಿತು. ಜರಡಿ ಅಂದವರೆಲ್ಲ ಈಗ ಮೂಗು ತಾಗಿಸಿ ಇಣುಕಿದರು. “ಬಳ್ಳಿ ಎಷ್ಟು ನಾಜೂಕ್ ಅದ ನೋಡೋ!” ಎಂದನೊಬ್ಬ. ಮಜೀದಸಾಬ ಒಂದು ಕಣ್ಣು ಮುಚ್ಚಿ ನೋಡಿ, “ಪತ್ತಾರ, ಬೆರಳು ಒಳಗ ಅದನೋ, ಮನ್ಯಾಗ ಮರೆತು ಬಂದೀದೋ? ಏನೂ ಕಾಣವಲ್ದು,” ಅಂದ.

ಶರಣಬಸಮ್ಮನಿಗೂ ತಡೆಯಲಾಗಲಿಲ್ಲ. ಚಾಳೀಸು ಏರಿಸಿ ಬಗ್ಗಿದಳು. “ಖರೇನೋ ಯಪ್ಪಾ. ಬರೇ ಕೆಂಪು. ಬೆರಳು ಎಲ್ಲದ?”

ಅಂದವಳೇ ನಾಲಿಗೆ ಕಚ್ಚಿಕೊಂಡಳು.

“ಇನ್ನೊಮ್ಮಿ ಅನ್ರಿ!” ನೋವಿನಿಂದ ಕಣ್ಣಲ್ಲಿ ನೀರು ತುಂಬಿದ್ದರೂ ಮೋನಪ್ಪ ಗುಡುಗಿದ. “ಇಡೀ ಚಿಂಚೋಳಿ ಇಣಕಿದ್ರೂ ನನ್ನ ಹೊಲಸು ಬೆರಳು ಕಾಣಲಿಲ್ಲ. ಶಿವ ಹ್ಯಾಂಗ ಕಾಣ್ತಾನ?”

ಅಮೃತಮ್ಮ ಔಡಲೆಣ್ಣೆ ಸುರಿದು, ನಗು ನುಂಗಿಕೊಂಡು, ಬೆರಳನ್ನು ಮೆಲ್ಲಗೆ ಜಾರಿಸಿದಳು. ಒಂದು ತಂತಿಯೂ ಸೊಟ್ಟಗಾಗಿರಲಿಲ್ಲ. ಮೋನಪ್ಪ ಕರಡಿಗೆಯನ್ನು ಗೌಡಸಾನಿಯ ಮುಂದೆ ಚಾಚಿದ. ಅವಳು ಸೆರಗು ಒಡ್ಡಲು ಹೋಗಿ ನಿಲ್ಲಿಸಿದಳು.

“ತಗೋತೀನಿ. ಮೊದಲು ಕೈ ತೊಳಕೊಂಡು, ಅದನ್ನೂ ತೊಳದು ಕೊಡೋ ಭಾಡ್ಯಾ!”

ಮೋನಪ್ಪ ಎದ್ದು ನೀರಿನ ಕೊಡದ ಕಡೆ ನಡೆದ.