ಕರಡಿಗೆ ಬಂದ ಜ್ವರ

ಇಂಥದ್ದನ್ನು ಬೇರೆಯವರು ಬರೆದಿದ್ದರೆ ನಾನು ಅರ್ಧಕ್ಕೇ ಪುಟ ತಿರುಗಿಸಿಬಿಡುತ್ತಿದ್ದೆ. ಸತ್ತ ಅಜ್ಜ ಕನಸಿನಲ್ಲಿ ಬಂದು ಹೇಳಿದ, ಹಲ್ಲಿ ನುಡಿಯಿತು, ಬಾಗಿಲು ತಾನಾಗಿ ತೆರೆಯಿತು ಎನ್ನುವವರಿಗೆ ನನ್ನ ಪ್ರಶ್ನೆ ಯಾವಾಗಲೂ ಒಂದೇ: ಎಷ್ಟು ಗಂಟೆಗೆ, ಯಾರು ಯಾರು ನೋಡಿದರು? ಹಾಲಿನ ಲೆಕ್ಕದಿಂದ ಹಿಡಿದು ಗಂಡನ ಮಾತ್ರೆಗಳವರೆಗೆ ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡುವ ಸ್ವಭಾವ ನನ್ನದು. ಶಕುನಗಳಲ್ಲಿ ನನಗೆ ಅಂದೂ ನಂಬಿಕೆ ಇರಲಿಲ್ಲ, ಇಂದೂ ಇಲ್ಲ. ಆದರೂ ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಮಧ್ಯಾಹ್ನ ಶಹಾಪುರದ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾನು ಟೆಡ್ಡಿ ಕರಡಿಗಳನ್ನು ಕೈಯಿಂದ ಹೊಲಿದು ಮಾರುತ್ತೇನೆ. ಯಾದಗಿರಿಯ ಒಂದು ಅಂಗಡಿಗೆ ಕೊಡುತ್ತೇನೆ, ಫೋನಿನಲ್ಲಿ ಆರ್ಡರ್ ಹೇಳಿದವರಿಗೂ ಮಾಡಿಕೊಡುತ್ತೇನೆ. ನನ್ನ ಗಂಡ ಶರಣಪ್ಪ ಆಗ ದೋರನಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕರಾಗಿದ್ದರು. ಕುತ್ತಿಗೆಯಲ್ಲಿ ಎದ್ದ ಗಂಟು ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಕಲಬುರಗಿಯ ಆಸ್ಪತ್ರೆಯಲ್ಲಿ ಕೀಮೋ ಶುರುವಾಯಿತು. ಕರಡಿಗಳಿಗೆ ತುಂಬುವ ಹತ್ತಿಯ ಎಳೆ ಅವರ ಉಸಿರಿಗೆ ತಾಗಬಾರದೆಂದು ಅವರನ್ನು ಒಳಕೋಣೆಯಲ್ಲಿ ಮಲಗಿಸಿ, ಬಾಗಿಲ ಕೆಳಗೆ ಒದ್ದೆ ಬಟ್ಟೆ ತುರುಕಿ, ನಾನು ಪಡಸಾಲೆಯಲ್ಲಿ ಹೊಲಿಯುತ್ತಿದ್ದೆ. ಒಳಗೆ ಹೋಗುವ ಮುನ್ನ ಕೈ ತೊಳೆದು ಸೀರೆ ಬದಲಿಸುತ್ತಿದ್ದೆ. ಕೆಲಸ ನಿಲ್ಲಿಸು ಎಂದು ಹೇಳದವರು ಓಣಿಯಲ್ಲಿ ಯಾರೂ ಉಳಿದಿರಲಿಲ್ಲ.

ಪಕ್ಕದ ಮನೆಯ ಗುರಮ್ಮ ಕಾಕಿ ಒಂದು ದಿನ ಕಟ್ಟೆಯ ಮೇಲೆ ಕೂತು ನನಗೆ ಕೇಳಲೆಂದೇ ಹೇಳಿದರು: "ಗಂಡ ಹಾಸಿಗಿ ಹಿಡದಾನ, ಈಕಿ ಗೊಂಬಿ ಆಡಾಕತ್ತಾಳ."

"ಹೌದ್ರಿ ಕಾಕಿ, ಆಡಾಕತ್ತೀನಿ" ಎಂದೆ. "ನಿಮಗೂ ಒಂದು ಮಾಡಿಕೊಡ್ಲೇನ್ರಿ? ಬಾಯಿ ಹೊಲದದ್ದು ಕೊಡ್ತೀನಿ."

ಒಳಕೋಣೆಯಿಂದ ನಗು ಕೇಳಿತು. "ಏ, ನಿನ್ನ ಕರಡಿಗಿ ಹಚ್ಚೂ ಕೂದಲಾ ನನ್ನ ತಲಿಗೂ ಒಂದೀಟು ಹಚ್ಚಿ ಹೊಲಿ!" ಆ ನಗು ಕೇಳಿಸುತ್ತಿರುವವರೆಗೆ ನಾನು ಸೂಜಿ ಕೆಳಗಿಡುವುದಿಲ್ಲ ಎಂದು ಅವತ್ತೇ ನಿರ್ಧರಿಸಿದೆ.

ಕೀಮೋ ಆದ ಮೇಲೆ ಒಂದು ಮಾತನ್ನು ಡಾಕ್ಟರು ಪ್ರತಿಸಲ ಹೇಳಿ ಕಳಿಸುತ್ತಿದ್ದರು. ರಕ್ತದಲ್ಲಿ ಸೋಂಕು ತಡೆಯುವ ಶಕ್ತಿ ತೀರಾ ಇಳಿದಿರುತ್ತದೆ, ಜ್ವರ ನೂರು ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ, ಮನೆಯಲ್ಲಿ ಗುಳಿಗೆ ನುಂಗಿಸಬೇಡಿ, ಹೊರಟುಬನ್ನಿ. ಅದಕ್ಕೆಂದೇ ಥರ್ಮಾಮೀಟರ್ ನನ್ನ ಸೊಂಟದಲ್ಲೇ ಇರುತ್ತಿತ್ತು.

ಆ ಮಧ್ಯಾಹ್ನ ಕೀಮೋ ಆಗಿ ವಾರ ಕಳೆದಿತ್ತು. ಗೊಂಬೆ ಮಕ್ಕಳ ಕೈಗೆ ಹೋಗುವ ವಸ್ತುವಾದ್ದರಿಂದ ನನ್ನದೊಂದು ನಿಯಮವಿದೆ. ಕೂರುವ ಮೊದಲು ಸೂಜಿಗಳನ್ನು ಎಣಿಸುತ್ತೇನೆ, ಏಳುವಾಗ ಮತ್ತೆ ಎಣಿಸುತ್ತೇನೆ. ಅವತ್ತು ಒಂದು ಕಡಿಮೆ ಬಂತು. ಚಾಪೆ ಕೊಡವಿದೆ, ಸಿಗಲಿಲ್ಲ. ಯಾವುದಾದರೂ ಕರಡಿಯ ಹೊಟ್ಟೆಯಲ್ಲಿ ಉಳಿದಿರಬಹುದೆಂದು ಮುಗಿದ ಗೊಂಬೆಗಳನ್ನೆಲ್ಲ ಒಂದೊಂದಾಗಿ ಎತ್ತಿಕೊಂಡು ಒತ್ತಿ ನೋಡತೊಡಗಿದೆ.

ಕಡೆಯ ಸಾಲಿನಲ್ಲಿದ್ದ ಕಂದು ಕರಡಿ ಬಿಸಿಯಾಗಿತ್ತು.

ಬೆಚ್ಚಗಿತ್ತು ಎಂದರೆ ಸಾಲದು. ಜ್ವರ ಬಂದ ಮಗುವನ್ನು ಎತ್ತಿಕೊಂಡಾಗ ಕೈಗೆ ಹತ್ತುವ ಬಿಸಿ ಅದು. ಅದರ ಎಡಬಲದ ಗೊಂಬೆಗಳು ತಣ್ಣಗಿದ್ದವು. ಬೇಸಿಗೆಯಾಗಿದ್ದರೆ ನಾನು ಅಷ್ಟಕ್ಕೇ ಬಿಡುತ್ತಿದ್ದೆ, ನಮ್ಮ ಕಡೆ ಬೇಸಿಗೆಯಲ್ಲಿ ಗೋಡೆಗೂ ಜ್ವರ ಬಂದಿರುತ್ತದೆ. ಆದರೆ ಅದು ಹಗಲಲ್ಲೂ ಸ್ವೆಟರ್ ಬೇಕಾಗುವ ದಿನ. ಆ ಮೂಲೆಗೆ ಬಿಸಿಲು ಬರುವುದಿಲ್ಲ. ಕರೆಂಟ್ ಬೆಳಗಿನಿಂದ ಇರಲಿಲ್ಲ, ಇಸ್ತ್ರಿಪೆಟ್ಟಿಗೆ ಮುಟ್ಟಿರಲಿಲ್ಲ. ಬೆಕ್ಕು ನಮ್ಮಲ್ಲಿಲ್ಲ. ಬೆನ್ನಿನ ಹೊಲಿಗೆ ಬಿಚ್ಚಿ ಒಳಗೆ ಬೆರಳು ಹಾಕಿದೆ. ಸೂಜಿ ಇರಲಿಲ್ಲ, ಹತ್ತಿ ಹೊರಗಿಗಿಂತ ಒಳಗೇ ಹೆಚ್ಚು ಬಿಸಿಯಾಗಿತ್ತು.

ಹಿತ್ತಲಲ್ಲಿದ್ದ ಅತ್ತೆಯನ್ನು ಕೂಗಿದೆ. ಅವರು ಮುಟ್ಟಿ ಕೈ ಹಿಂದೆಳೆದುಕೊಂಡರು. "ಯವ್ವಾ, ಇದನ್ನ ಒಲಿ ಮುಂದ ಇಟ್ಟಿದ್ದೇನ?"

ನಗಬೇಡಿ, ನಾನು ಆ ಗೊಂಬೆಯ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟೆ. ಥರ್ಮಾಮೀಟರ್ ಬೀಪ್ ಎಂದಾಗ ನೂರಾ ಒಂದರ ಮೇಲೆ ತೋರಿಸುತ್ತಿತ್ತು. ನನ್ನ ಕಂಕುಳಲ್ಲಿಟ್ಟು ನೋಡಿದೆ, ಸರಿಯಾಗಿತ್ತು. ಕೈ ತೊಳೆದು, ಸೀರೆ ಬದಲಿಸಿ ಒಳಗೆ ಹೋಗಿ ಗಂಡನಿಗೆ ಇಟ್ಟೆ. ಅವರದ್ದೂ ಸರಿಯಾಗಿತ್ತು. ಮತ್ತೆ ಇಟ್ಟೆ. ಮತ್ತೆ ಸರಿಯಾಗಿತ್ತು. ಅವರು ಆರಾಮಾಗಿ ಕೂತು ಬಾಳೆಹಣ್ಣು ತಿನ್ನುತ್ತಿದ್ದರು.

"ಏಳ್ರಿ, ಕಲಬುರಗಿಗಿ ಹೋಗೂಣು" ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ನನಗೇ ಗೊತ್ತಿಲ್ಲ.

"ಯಾಕ? ಏನಾಗ್ಯಾದ?"

ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ, "ಜ್ವರಾ ಬಂದದ್ದು ಕರಡಿಗಲ್ಲೇನ? ಅದನ್ನ ಕರ್ಕೊಂಡು ಹೋಗು, ನಾ ಮನಿ ಕಾಯ್ತೀನಿ" ಎಂದರು.

ನಾನು ನಗಲಿಲ್ಲ. ಬೇಕಾದರೆ ನನಗೆ ಹುಚ್ಚೆಂದು ಆಸ್ಪತ್ರೆಯಲ್ಲೇ ಬರೆಸಿಕೊಂಡು ಬರೋಣ, ಈಗ ಏಳಿ ಎಂದು ಹಟ ಹಿಡಿದೆ. ಬಾಡಿಗೆ ಕಾರು ಬಂದು ನಿಂತಾಗ ಗುರಮ್ಮ ಕಾಕಿ ಓಡಿಬಂದು ಏನಾಯಿತೆಂದು ಕೇಳಿದರು. ಏನಿಲ್ಲ ಎಂದೆ. ಅದು ನಿಜವೂ ಆಗಿತ್ತು.

ಜೇವರ್ಗಿ ದಾಟುವವರೆಗೂ ಅವರು ನನ್ನನ್ನು ಗೇಲಿ ಮಾಡುತ್ತಲೇ ಇದ್ದರು. ದಾಟಿದ ಮೇಲೆ ಮಾತು ನಿಲ್ಲಿಸಿದರು. ತಿರುಗಿ ನೋಡಿದರೆ ಹಲ್ಲು ಕಟಕಟ ಅನ್ನುತ್ತಿದ್ದವು, ಹೊದೆಸಿದ ಶಾಲು ನಡುಗುತ್ತಿತ್ತು. ಭೀಮಾ ಸೇತುವೆಯ ಮೇಲೆ ಥರ್ಮಾಮೀಟರ್ ಇಟ್ಟೆ. ಗೊಂಬೆಯಲ್ಲಿ ನೋಡಿದ್ದ ಅಂಕಿಯನ್ನು ಅದು ಆಗಲೇ ದಾಟಿತ್ತು.

ಆಸ್ಪತ್ರೆಯಲ್ಲಿ ಕೂಡಲೇ ಸಲಾಯಿನ್ ಹಚ್ಚಿದರು. ರಕ್ತದ ವರದಿ ನೋಡಿದ ಡಾಕ್ಟರ ಮುಖ ಗಂಭೀರವಾಯಿತು. ಸೋಂಕು ರಕ್ತಕ್ಕೆ ಇಳಿದಿದೆ, ಇನ್ನು ಕೆಲವು ತಾಸು ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು. ಆಮೇಲೆ ಕೇಳಿದರು, "ಜ್ವರಾ ಯಾವಾಗ ಬಂತಮ್ಮ?"

"ದಾರ್ಯಾಗ ಬಂತ್ರಿ."

"ಮತ್ತ ಮನಿ ಯಾಕ ಬಿಟ್ರಿ?"

ನಾನು ಶಾಲು ಮಡಚತೊಡಗಿದೆ. ಸಲಾಯಿನ್ ಏರುತ್ತಿದ್ದ ಗಂಡ ಕಣ್ಣು ಮುಚ್ಚಿಕೊಂಡೇ, "ಆಕಿಗಿ ಕೇಳಬ್ಯಾಡ್ರಿ ಸರ್, ನಿಮಗೂ ಏಳ್ರಿ ಹೋಗೂಣು ಅಂತಾಳ" ಎಂದರು.

ವಾರದ ಮೇಲೆ ಮನೆಗೆ ಬಂದಾಗ ಕಳೆದ ಸೂಜಿ ನಾನು ಅವತ್ತು ಬಿಚ್ಚಿಟ್ಟ ಸೀರೆಯ ಸೆರಗಿನಲ್ಲೇ ಸಿಕ್ಕಿತು. ಕರಡಿ ಬೆನ್ನು ತೆರೆದುಕೊಂಡು ಚಾಪೆಯ ಮೇಲೆ ಹಾಗೇ ಬಿದ್ದಿತ್ತು, ತಣ್ಣಗೆ. ಅತ್ತೆ ಅದರ ಹಣೆಗೆ ಕುಂಕುಮ ಹಚ್ಚಿದ್ದರು. ಕೊಡೇಕಲ್ಲಿನ ಗುಡಿಗೆ ಒಯ್ದು ಕಾಯಿ ಒಡೆಸೋಣ ಎಂದರು.

"ನೀವು ಹೋಗಿ ಬರ್ರಿ ಅತ್ತಿ. ಕರಡಿ ಬರೂದಿಲ್ಲ, ಅದು ಸುರಪುರದವರ ಆರ್ಡರ್ ಅದ."

ಕುಂಕುಮ ಒರೆಸಿ, ಬೆನ್ನು ಹೊಲಿದು ಕಳಿಸಿಕೊಟ್ಟೆ. ಗಂಡನ ಹಳೆಯ ಅಂಗಿಯಿಂದ ಮಾಡಿದ ಕರಡಿ ಎಂದು ಅತ್ತೆ ಓಣಿಯಲ್ಲೆಲ್ಲ ಹೇಳಿದ್ದಾರೆ. ಹಾಗಿದ್ದಿದ್ದರೆ ಕತೆಗೆ ಚೆಂದವಿರುತ್ತಿತ್ತು. ಅದು ಎಲ್ಲ ಕರಡಿಗಳ ಹಾಗೆ ಹೈದರಾಬಾದಿನಿಂದ ತರಿಸಿದ ಬಟ್ಟೆಯದು. ನಮ್ಮ ಪರಿಚಯವೇ ಇಲ್ಲದ ಮಗುವೊಂದರ ಹುಟ್ಟುಹಬ್ಬಕ್ಕೆಂದು ಹೊಲಿದದ್ದು. ಅಂಥದ್ದೇ ಒಂದು ಬೇಕೆಂದು ರೋಗಿಗಳ ಮನೆಯವರು ಇಬ್ಬರು ಬಂದರು. ಅಂಥದ್ದು ನಾನು ಮಾಡುವುದಿಲ್ಲ, ಥರ್ಮಾಮೀಟರ್ ಕೊಳ್ಳಿ ಎಂದು ಹೇಳಿ ಕಳಿಸಿದೆ.

ಗಂಡನ ಚಿಕಿತ್ಸೆ ಮುಗಿದಿದೆ. ಕೂದಲು ಬಂದಿದೆ, ಶಾಲೆಗೂ ಹೋಗುತ್ತಾರೆ. ಆಗಾಗ ಸ್ಕ್ಯಾನ್ ಇರುತ್ತದೆ, ಅದರ ಹಿಂದಿನ ದಿನಗಳಲ್ಲಿ ಇಬ್ಬರೂ ಸ್ವಲ್ಪ ಹೆಚ್ಚೇ ಮಾತಾಡುತ್ತೇವೆ. ಹೋದ ಸಲ ಊಟ ಮಾಡುತ್ತ ಅವರು ಕೇಳಿದರು: "ಅವತ್ತ ಆ ಕರಡಿ ತಣ್ಣಗ ಇದ್ದಿದ್ರ?"

"ಆಗೂ ಕರ್ಕೊಂಡು ಹೋಗ್ತಿದ್ದೆ" ಎಂದೆ.

ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಅವರು ರೊಟ್ಟಿ ಮುರಿದರು. ನಾನು ಇನ್ನೊಂದು ಬಡಿಸಿದೆ.