ಹುಲಿಯಮ್ಮನ ಸರದಿ

ಹೆಸರು ಹುಲಿಯಮ್ಮ. ಹೆಸರು ಹುಲಿಯದಾದರೂ ಯಾರ ಮೇಲೂ ಹಾರಿಬಿದ್ದವಳಲ್ಲ. ದೋಣಿಗಲ್ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಮೂವತ್ತೆರಡು ವರ್ಷದಿಂದ ಕೆಲಸ, ಕೂಲಿಯವರ ಲೈನಿನ ಕೊನೆಯ ಮನೆಯಲ್ಲಿ ವಾಸ. ಮಕ್ಕಳಿಲ್ಲ. ಗಂಡ ಶಿವಯ್ಯ ತೀರಿಕೊಂಡು ಎಂಟು ವರ್ಷ. ಲೈನಿನವರನ್ನು ಕೇಳಿದರೆ "ಪಾಪ, ತನ್ ಪಾಡಿಗೆ ತಾನಿರ್ತಾಳೆ" ಅನ್ನುತ್ತಾರೆ. ತನ್ನ ಪಾಡಿಗೆ ತಾನಿರುವುದು ಎಷ್ಟು ಕಷ್ಟವೆಂದು ಹಾಗೆ ಹೇಳುವವರಿಗೆ ಏನು ಗೊತ್ತು!

ಅವಳಿಗೊಂದು ಗುಟ್ಟಿತ್ತು. ಹುಲಿಯಮ್ಮ ಸಿಳ್ಳೆ ಹಾಕುತ್ತಿದ್ದಳು.

ಗಂಡಸು ಹಾಕಿದರೆ ಯಾರೂ ತಿರುಗಿ ನೋಡದ ಸಿಳ್ಳೆ, ಹೆಂಗಸು ಹಾಕಿದರೆ ಮನೆಗೇ ಕೇಡಂತೆ. ಎಂಟು ವರ್ಷದವಳಿದ್ದಾಗ ಮಗ್ಗೆಯ ತವರಿನಲ್ಲಿ ಅಜ್ಜಿ ಬಾಯಿಯ ಮೇಲೆ ಬಾರಿಸಿದ್ದಳು. ತುಟಿ ಒಡೆಯಿತು, ಸಿಳ್ಳೆ ಹೋಗಲಿಲ್ಲ. ಮದುವೆಯಾಗಿ ಈ ಕಡೆ ಬಂದ ಮೇಲೆ, ಕೆಲಸಕ್ಕೆ ಹೋಗುವ ದಾರಿಯ ಮೋರಿಯ ಬಳಿ ಸಿಳ್ಳೆ ಹಕ್ಕಿಯ ಹಾಡು ಕೇಳಿದಳು. ಹಳ್ಳದ ಬಂಡೆಯ ಮೇಲೆ ಕೂತ ಕಪ್ಪು ಹಕ್ಕಿ. ಬಿಸಿಲು ತಾಗಿದರೆ ಮಾತ್ರ ಭುಜದಲ್ಲಿ ನೀಲಿ ಹೊಳೆಯುತ್ತದೆ. ಹಾಡಲು ಹೊರಟು ಅರ್ಧಕ್ಕೇ ಮರೆತು, ಮತ್ತೆ ಮೊದಲಿನಿಂದ ಶುರುಮಾಡುವವರ ಹಾಗಿತ್ತು ಅದರ ಹಾಡು. ಮರೆತ ಅರ್ಧವನ್ನು ಹುಲಿಯಮ್ಮ ಸಿಳ್ಳೆಯಲ್ಲೇ ತುಂಬಿಕೊಟ್ಟಳು. ಹಕ್ಕಿ ಸುಮ್ಮನೆ ಕೇಳಿತು. ಆಮೇಲೆ ಮತ್ತೆ ಹಾಡಿತು.

ಅಂದಿನಿಂದ ದಿನಾ ಬೆಳಿಗ್ಗೆ ಹಕ್ಕಿಯದೊಂದು ಸರದಿ, ಅವಳದೊಂದು. ಒಂದೇ ಹಕ್ಕಿ ಅಷ್ಟು ವರ್ಷ ಬದುಕುವುದಿಲ್ಲವೆಂದು ಅವಳಿಗೂ ಗೊತ್ತು. ಅಪ್ಪ ಹೋದರೆ ಮಗ. ಮನೆತನ ಅದೇ ತಾನೇ?

ಶಿವಯ್ಯನೊಬ್ಬನಿಗೆ ಈ ವಿಷಯ ತಿಳಿದಿತ್ತು. "ಅದು ನಿನ್ ಕೂಡೆ ಮಾತಾಡ್ತಾ ಇಲ್ಲ ಕಣೆ, ತನ್ ಪಾಡಿಗೆ ಕೂಗ್ತೈತೆ" ಎಂದು ನಗುತ್ತಿದ್ದ. ಅವನಿದ್ದಾಗ ಅದು ತಮಾಷೆಯಾಗಿತ್ತು. ಅವನು ಹೋದ ಮೇಲೆ ಅದೇ ಮಾತು ಮುಳ್ಳಾಯಿತು. ದಿನಕ್ಕೊಮ್ಮೆ ತನಗೆ ಉತ್ತರ ಕೊಡುವ ಜೀವ ಅದೊಂದೇ, ಅದೂ ಸುಳ್ಳಾದರೆ?

ಹೋದ ವರ್ಷ ಮಳೆಗಾಲ ಶುರುವಾಗುವಾಗ ಮೈಸೂರಿನಿಂದ ಕೃತಿಕಾ ಬಂದಳು. ಹಕ್ಕಿಗಳ ದನಿಯ ಮೇಲೆ ಸಂಶೋಧನೆ ಮಾಡುವ ಹುಡುಗಿ. ಮೋರಿಯ ಪಕ್ಕದ ಹಲಸಿನ ಮರಕ್ಕೆ ಹಸಿರು ಪೆಟ್ಟಿಗೆಯೊಂದನ್ನು ಕಟ್ಟಿ ಹೋದಳು. ಅದು ದನಿ ಹಿಡಿದಿಡುತ್ತದೆಂದು ಹುಲಿಯಮ್ಮನಿಗೇನು ಗೊತ್ತು? ಅದರ ಕೆಳಗೇ ನಿಂತು ನಲವತ್ತು ದಿನ ಸಿಳ್ಳೆ ಹಾಕಿದಳು. ನಡುವೆ ಆರು ದಿನ ಜ್ವರ ಬಂದು ಮಲಗಿದಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗಣೇಶ್ ಹಾಜರಿ ಪುಸ್ತಕದಲ್ಲಿ ಗೈರು ಎಂದು ಗುರುತು ಹಾಕಿದ. ಬೇರೆ ಯಾರೂ ಬಾಗಿಲು ತಟ್ಟಲಿಲ್ಲ.

ಪೆಟ್ಟಿಗೆ ಬಿಚ್ಚಿದ ವಾರಕ್ಕೆ, ಚಹಾದ ಹೊತ್ತಿನಲ್ಲಿ, ಕೃತಿಕಾ ಸ್ಟೋರಿನ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಎಲ್ಲರನ್ನೂ ಕರೆದಳು. ಬಿಳಿ ಪರದೆಯ ಮೇಲೆ ದನಿಗಳು ಗೆರೆಗಳಾಗಿದ್ದವು. ರಂಗೋಲಿಯ ಎಳೆಗಳ ಹಾಗೆ ಏರಿ, ಬಾಗಿ, ಇಳಿದಿದ್ದವು. ಹಾಡನ್ನು ಕಣ್ಣಿನಿಂದಲೂ ನೋಡಬಹುದೇ! ಹುಲಿಯಮ್ಮ ಮುಂದಕ್ಕೆ ಬಗ್ಗಿ ನೋಡಿದಳು.

"ಇಲ್ಲಿ ಎರಡು ಹಕ್ಕಿ ಇವೆ. ಎರಡನೇದರ ಹಾಡು ನಾನು ಎಲ್ಲೂ ಕೇಳಿಲ್ಲ, ಹೊಸದು!" ಎಂದು ಕೃತಿಕಾ ಗುಂಡಿ ಒತ್ತಿದಳು. ಕೇಳಿಬಂದದ್ದು ಹುಲಿಯಮ್ಮನ ಸಿಳ್ಳೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಶಿವಯ್ಯ ಹೋದಾಗಿನಿಂದ ಚುಚ್ಚುತ್ತಿದ್ದ ಪ್ರಶ್ನೆಗೆ ಉತ್ತರ ಆ ಪೆಟ್ಟಿಗೆಯಲ್ಲಿತ್ತು. ಕೇಳಬೇಕೆಂದರೆ ಮೊದಲು ಒಪ್ಪಿಕೊಳ್ಳಬೇಕು.

"ಅದು ಹಕ್ಕಿಯಲ್ಲ ಕಣವ್ವ, ನಾನು" ಎಂದಳು. ನಂಬದವರ ಎದುರಿಗೇ ಸಿಳ್ಳೆ ಹಾಕಿ ತೋರಿಸಿದಳು.

ಗಣೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಈ ವಯಸ್ನಾಗೆ ಇದೇನ್ ಮಾರಾಯ್ತಿ!" ಪಕ್ಕದ ಮನೆಯ ನಾಗರತ್ನಮ್ಮ ಮುಖ ತಿರುಗಿಸಿದಳು. "ಸಿಳ್ಳೆ ಹಾಕ್ಹಾಕೇ ಮನೆ ಖಾಲಿ ಮಾಡ್ಕೊಂಡ್ಳು" ಎಂದಳು, ಕೇಳಿಸುವ ಹಾಗೇ. ಕೃತಿಕಾಳ ಮುಖ ಬಾಡಿಹೋಗಿತ್ತು.

ಹುಲಿಯಮ್ಮನಿಗೆ ಆ ಬಾಡಿದ ಮುಖ ಚುಚ್ಚಿತು. ಆದರೂ ಬಿಡಲಿಲ್ಲ. "ಮಗಾ, ಜ್ವರ ಬಂದು ಆರು ದಿನ ನಾನು ಹೋಗಿಲ್ಲ. ಆವಾಗ ಅದು ಏನ್ ಮಾಡ್ತು, ಒಸಿ ನೋಡಿ ಹೇಳವ್ವ."

ಗಣೇಶ್ ನಗುತ್ತಲೇ ಹಾಜರಿ ಪುಸ್ತಕ ನೋಡಿ ತಾರೀಖು ಹೇಳಿದ. ಕೃತಿಕಾ ಹುಡುಕುತ್ತಾ ಕೂತಳು. ಉಳಿದವರು ಕೆಲಸಕ್ಕೆ ಎದ್ದುಹೋದರು. ಹುಲಿಯಮ್ಮ ಏಳಲಿಲ್ಲ.

"ಹಾಡಿದೆ. ನೀವು ಇಲ್ಲದಿದ್ರೂ ಆರು ದಿನಾನೂ ಹಾಡಿದೆ" ಎಂದಳು ಕೃತಿಕಾ ಕೊನೆಗೆ.

ಹಾಗಾದರೆ ಶಿವಯ್ಯ ಹೇಳಿದ್ದೇ ಸರಿ. ಹುಲಿಯಮ್ಮ ಸೀರೆ ಕೊಡವಿಕೊಂಡು ಎದ್ದಳು.

"ತಡೀರಿ ಅಮ್ಮ, ಇಲ್ನೋಡಿ." ಕೃತಿಕಾ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಗೆರೆ, ಆಮೇಲೆ ಬರೀ ಬಿಳಿ, ಮತ್ತೆ ಗೆರೆ, ಮತ್ತೆ ಬಿಳಿ. "ಬೇರೆ ಕಡೆ ಈ ಹಕ್ಕಿ ಇಷ್ಟು ಹೊತ್ತು ನಿಲ್ಲಿಸೋದು ನಾನು ನೋಡಿಲ್ಲ. ಇಲ್ಲಿ ಒಂದು ಸಲ ಹಾಡಿ ಸುಮ್ಮನಾಗುತ್ತೆ. ನಿಮ್ಮ ಸಿಳ್ಳೆ ಎಷ್ಟು ಉದ್ದವೋ ಅಷ್ಟೇ ಹೊತ್ತು. ಆಮೇಲೆ ಮತ್ತೆ ಹಾಡುತ್ತೆ. ಆರು ದಿನಾನೂ ಹೀಗೇ. ಬರೀ ಆರು ದಿನದ್ದು ನೋಡಿ ನಾನು ಏನೂ ಬರೆಯೋ ಹಾಗಿಲ್ಲ..."

"ಬರೀಬೇಡ ಬುಡು."

ಹುಲಿಯಮ್ಮ ಮತ್ತೆ ಕೂತಳು. ಬಿರುಕುಬಿಟ್ಟ ಬೆರಳನ್ನು ಆ ಬಿಳಿಯ ಮೇಲಿಟ್ಟಳು. ತುಂಬಾ ಹೊತ್ತು ತೆಗೆಯಲಿಲ್ಲ.

"ಆರು ದಿನ ಕಾದೈತೆ" ಎಂದಳು. "ನಾನೇ ಹೋಗ್ಲಿಲ್ಲ."