ಮಾವಶಿಯ ಮೇಲೆ ನಾನು ಹೊಡೆದ ನಾಲ್ಕನೇ ಪ್ಯಾರಾ

ಮಿರಜಿನ ಕೋರ್ಟಿನ ಎದುರು ಬೇವಿನ ಗಿಡದ ಕೆಳಗೆ ಇಪ್ಪತ್ತಾರು ವರ್ಷ ಟೈಪ್ ಹೊಡೆದವನು ನಾನು. ವಾದ ಮಾಡುವವರು ಬೇರೆ, ತೀರ್ಪು ಕೊಡುವವರು ಬೇರೆ, ನನ್ನದು ಬರೀ ಬೆರಳು ಎಂದು ಹೇಳಿಕೊಂಡು ಆರಾಮಾಗಿದ್ದೆ. ಮಾವಶಿಗೆ ನೋಟೀಸು ಹೋದ ಮೇಲೆ ಆ ಮಾತು ನನ್ನ ಬಾಯಿಂದ ಬಂದಿಲ್ಲ.

ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಂದೂವರೆ ಕೋಣೆಯ ಖಾನಾವಳಿ ಅವಳದು. ಗಂಡ ರೈಲ್ವೆ ಹಮಾಲನಾಗಿದ್ದ. ಅವನು ಸತ್ತ ಹದಿನೈದನೇ ದಿನಕ್ಕೆ ಒಲೆ ಹೊತ್ತಿಸಿ ಜೋಳದ ಭಾಕರಿ ಬಡಿಯಲು ಕೂತಳಂತೆ. ಇಂಜಿನ್ ಡ್ರೈವರುಗಳು, ದವಾಖಾನೆಯ ಕಂಪೌಂಡರುಗಳು, ನಾನು, ಎಲ್ಲರೂ ಮಧ್ಯಾಹ್ನ ಅಲ್ಲೇ ಉಣ್ಣುವವರು. ಬಡಿಸಿದ ಮೇಲೆ ಅವಳು ನಮ್ಮ ನಡುವೆಯೇ ಕಾಲು ಚಾಚಿ ಕೂತು ಒಬ್ಬೊಬ್ಬರನ್ನೇ ಕಿಚಾಯಿಸುತ್ತಿದ್ದಳು.

“ಎರಡ ಭಾಕರಿಗೆ ಏಳ್ತೀಯಲ್ಲೋ ದಾದಾ! ನಿನ್ನ ಟೈಪಿನ ಮಷಿನ್ ಸುದ್ದಾ ನಿನಗಿಂತ ಹೆಚ್ಚು ಎಣ್ಣಿ ಕುಡೀತದ.”

ಹನ್ನೆರಡು ವರ್ಷ ಅವಳ ಕೈಯಡುಗೆ ತಿಂದೆ. ಎಲ್ಲರಿಗೂ ಅವಳು ಮಾವಶಿ, ಅಂದರೆ ಚಿಕ್ಕಮ್ಮ. ಅವಳಿಗೊಂದು ಹೆಸರಿದ್ದೀತು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಸಬ್ನೀಸ್ ವಕೀಲರ ಕೆಲಸವೆಲ್ಲ ನನ್ನ ಹತ್ತಿರವೇ ಬರುತ್ತಿತ್ತು. ಪೂರ್ತಿ ನೋಟೀಸು ಬರೆದುಕೊಡುವ ಪೈಕಿ ಅಲ್ಲ ಅವರು. ಚೀಟಿಯಲ್ಲಿ ಮನೆ ಮಾಲಕನ ಹೆಸರು, ಬಾಡಿಗೆದಾರರ ಹೆಸರು, ಮನೆ ನಂಬರು, ಕೆಳಗೆ ‘ಎಂದಿನದು’ ಎಂಬ ಒಂದು ಮಾತು. ಎಂದಿನದೆಂದರೆ ಏನೆಂದು ನನ್ನ ಬೆರಳಿಗೇ ಗೊತ್ತು. ಖಾಲಿ ಮಾಡಿಸಬೇಕಾದವನು ಗಂಡಸಾದರೆ ನಾಲ್ಕನೇ ಪ್ಯಾರಾದಲ್ಲಿ ಕುಡಿದು ಗಲಾಟೆ, ಕೊಲೆ ಬೆದರಿಕೆ. ಹೆಂಗಸಾದರೆ ‘ಅಪರಿಚಿತ ಗಂಡಸರು ಹೊತ್ತುಗೊತ್ತಿಲ್ಲದೆ ಬಂದುಹೋಗುತ್ತಾರೆ, ಸದರಿ ಜಾಗದಲ್ಲಿ ಅನೈತಿಕ ವ್ಯವಹಾರ ನಡೆಯುತ್ತದೆ.’ ಸುಳ್ಳೆಂದು ವಕೀಲರಿಗೂ ಗೊತ್ತು, ನನಗೂ ಗೊತ್ತು. ಹೆದರಿಸಲಿಕ್ಕೆಂದು ಹಾಕುವುದು. ಯಾರಿಗೆ ತಟ್ಟುತ್ತದೆ ಎಂದು ನಾನೆಂದೂ ಯೋಚಿಸಿದವನಲ್ಲ.

ಒಂದು ಸೋಮವಾರ ಬೆಳಿಗ್ಗೆ ‘ಚಂಪಾವತಿ ತುಕಾರಾಮ ಹೋನಮಾನೆ’ ಎಂಬ ಹೆಸರಿಗೆ ಅದನ್ನೇ ಹೊಡೆದೆ. ಕಾರ್ಬನ್ ಪ್ರತಿಯನ್ನು ಫೈಲಿಗೆ ಹಾಕಿ, ಕೈ ತೊಳೆದು, ನೇರ ಮಾವಶಿಯ ಖಾನಾವಳಿಗೆ ಉಣ್ಣಲು ಹೋದೆ. ಅವತ್ತು ಕಡಲೆಹಿಟ್ಟಿನ ಝುಣಕಾ ಇತ್ತು. ಮತ್ತೊಮ್ಮೆ ಕೇಳಿ ಹಾಕಿಸಿಕೊಂಡೆ.

ಗುರುವಾರದಿಂದ ಖಾನಾವಳಿಯ ಬಾಗಿಲು ತೆರೆಯಲಿಲ್ಲ. ಮುಂದಿನ ಸೋಮವಾರ ಮಾವಶಿಯೇ ಗಿಡದ ಕೆಳಗೆ ಬಂದು, ಸೆರಗಿನ ಗಂಟು ಬಿಚ್ಚಿ ಮಡಿಸಿದ ಕಾಗದ ನನ್ನ ಮುಂದಿಟ್ಟಳು. ಮುಖ ಇಳಿದುಹೋಗಿತ್ತು.

“ದಾದಾ, ಇದಕ್ಕೊಂದು ಉತ್ತರಾ ಹೊಡದು ಕೊಡು. ತಿಂಗಳೊಳಗ ಕೋಣಿ ಬಿಡ್ತೀನಿ ಅಂತ ಬರಿ.”

ಕಾಗದ ಬಿಚ್ಚಿದೆ. ನನ್ನದೇ ನಾಲ್ಕನೇ ಪ್ಯಾರಾ.

“ಯಾಕ ಬಿಡ್ತೀ ಮಾವಶಿ? ಬಾಡಿಗಿ ಒಂದು ತಿಂಗಳೂ ತಪ್ಪಿಸಿಲ್ಲ. ಕಾನೂನು ನಿನ್ನ ಕಡೆ ಅದ.”

“ಕಾನೂನು ಒಯ್ದು ಒಲ್ಯಾಗ ಹಾಕು. ಕೋರ್ಟಿನಾಗ ನಾಲ್ಕು ಮಂದಿ ಮುಂದ ಇದನ್ನ ಓದಿದ್ರ, ನಾ ಅಂಥಾಕಿ ಅಲ್ಲ ಅಂತ ನಿಂತು ಹೇಳಬೇಕೇನು?” ಎಂದಳು. ಆಮೇಲೆ ದನಿ ತಗ್ಗಿಸಿದಳು. “ನಮ್ಮ ಗಲ್ಲ್ಯಾವರೇ ಯಾರೋ ಹೋಗಿ ಹೇಳ್ಯಾರ, ದಾದಾ. ನಾಕು ದಿನಾ ಆತು, ಯಾರಿರಬೇಕು ಅಂತ ಒಬ್ಬೊಬ್ಬರ ಮುಖಾ ನೋಡ್ಕೋತ ಕುಂತೀನಿ.”

“ಯಾರೂ ಹೇಳಿಲ್ಲ. ಇಂಥಾ ನೋಟೀಸಿನಾಗ ಎಲ್ಲಾರಿಗೂ ಹಿಂಗ ಬರೀತಾರ.”

“ನಿನಗ ಹೆಂಗ ಗೊತ್ತು?”

ಕೇಳಿದ್ದೇನೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಜಾರಿಕೊಂಡರೆ ಅವಳು ನಂಬುವುದಿಲ್ಲ, ಕೋಣೆ ಬಿಡುತ್ತಾಳೆ, ಸಾಯುವ ತನಕ ಗಲ್ಲಿಯವರ ಮುಖ ನೋಡುತ್ತ ಕೂರುತ್ತಾಳೆ. ಫೈಲಿನಿಂದ ಕಾರ್ಬನ್ ಪ್ರತಿ ತೆಗೆದು ಅವಳ ಕಾಗದದ ಪಕ್ಕದಲ್ಲಿಟ್ಟೆ.

“ನಾನ ಹೊಡದದ್ದು, ಮಾವಶಿ. ನಿನ್ನ ಹೆಸರು ನನಗ ಗೊತ್ತಿರಲಿಲ್ಲ.”

ಅವಳು ಎರಡೂ ಹಾಳೆಗಳನ್ನು ಒಂದರ ಪಕ್ಕ ಒಂದು ಹಿಡಿದು ನೋಡಿದಳು.

“ಯಾವಾಗ?”

“ಹೋದ ಸೋಮವಾರ. ಮುಂಜಾನೆ.”

“ಸೋಮವಾರ ಝುಣಕಾ ಮಾಡಿದ್ದೆ,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ನನ್ನ ಹೆಸರು ಗೊತ್ತಿರಲಿಲ್ಲ, ಆತು. ಉಳಿದಾವರ ಹೆಸರು ಗೊತ್ತಿತ್ತಲ್ಲಾ? ಎಷ್ಟು ಮಂದಿಗೆ ಹೊಡದಿ?”

ಲೆಕ್ಕ ಇಟ್ಟಿರಲಿಲ್ಲ.

“ಕಾಗದಾ ಏರಸು,” ಎಂದಳು. “ಗಲ್ಲ್ಯಾವರು ಯಾರೂ ಹೇಳಿಲ್ಲಂದ ಮ್ಯಾಲೆ ಕೋಣಿ ಬಿಡೂದಿಲ್ಲ ಅಂತ ಹೊಡಿ.”

ಹೊಡೆದೆ. ನಾಲ್ಕನೇ ಪ್ಯಾರಾಕ್ಕೆ ಬಂದಾಗ ನನ್ನಷ್ಟಕ್ಕೆ ನಾನೇ ಬರೆದೆ: ‘ನೋಟೀಸಿನಲ್ಲಿ ಹೇಳಿದ ಅಪರಿಚಿತ ಗಂಡಸರಲ್ಲಿ ಕೆಳಗೆ ಸಹಿ ಮಾಡಿದವನೂ ಒಬ್ಬ. ಹನ್ನೆರಡು ವರ್ಷಗಳಿಂದ ಸದರಿ ಜಾಗದಲ್ಲಿ ಮಧ್ಯಾಹ್ನ ಊಟ ಮಾಡುತ್ತಿದ್ದಾನೆ. ಆರೋಪ ಶುದ್ಧ ಸುಳ್ಳು. ಅದನ್ನು ಟೈಪ್ ಮಾಡಿದವನೂ ಅವನೇ.’ ನನ್ನ ಸಹಿಯ ಕೆಳಗೆ ಡ್ರೈವರುಗಳು, ಕಂಪೌಂಡರುಗಳು ಸೇರಿ ಹದಿನೇಳು ಸಹಿ ಬಿದ್ದವು.

ಉತ್ತರ ತಲುಪಿದ ದಿನವೇ ಸಬ್ನೀಸರು ಗಿಡದ ಕೆಳಗೆ ಬಂದರು.

“ನನ್ನ ಅನ್ನಾ ತಿಂದು ನನ್ನ ನೋಟೀಸಿಗೇ ಉತ್ತರಾ ಹೊಡೀತೀಯಾ? ನಾಳಿಂದ ಬ್ಯಾರೆ ಮಷಿನ್ ನೋಡ್ಕೋತೀನಿ.”

ನೋಡಿಕೊಂಡರು. ನನಗೆ ಒಂದಿಷ್ಟು ಶಿಕ್ಷೆಯಾದರೂ ಆಯಿತಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು. ಮನೆ ಮಾಲಕ ಮತ್ತೆ ಉಸಿರೆತ್ತಲಿಲ್ಲ. ವಾರದಲ್ಲಿ ಖಾನಾವಳಿ ತೆರೆಯಿತು.

ಈಗಲೂ ಅಲ್ಲೇ ಉಣ್ಣುತ್ತೇನೆ. ಬರಬೇಡ ಎಂದು ಅವಳು ಯಾರಿಗೂ ಹೇಳಿಲ್ಲ, ನನಗೂ ಹೇಳಿಲ್ಲ. ಆದರೆ ಬಾಗಿಲ ಎರಡೂ ಕದ ಹಾರು ಹೊಡೆದಿರುತ್ತವೆ. ಚೈತ್ರದ ಬಿಸಿಗಾಳಿಗೆ ರಸ್ತೆಯ ಧೂಳೆಲ್ಲ ತಟ್ಟೆಗೆ ಬೀಳುತ್ತದೆ. ಭಾಕರಿ ಬಡಿಸಿದವಳೇ ಹೊರಗೆ ಹೋಗಿ, ನಡು ಬಿಸಿಲಲ್ಲಿ, ಗಲ್ಲಿಯವರಿಗೆಲ್ಲ ಕಾಣುವ ಹಾಗೆ ರಸ್ತೆಯಂಚಿಗೆ ನಿಲ್ಲುತ್ತಾಳೆ. ಕೊನೆಯ ಗಂಡಸು ಕೈ ತೊಳೆಯುವ ತನಕ ಒಳಗೆ ಕಾಲಿಡುವುದಿಲ್ಲ.

ಒಮ್ಮೆ ತಡೆಯಲಾರದೆ ಕರೆದೆ. “ಮಾವಶಿ, ಬಿಸಿಲದ. ಒಳಗ ಬಾ.”

“ನೀವು ಉಣ್ರಿ,” ಎಂದಳು, ನನ್ನ ಕಡೆ ತಿರುಗದೆ.